ಬ್ರೂಕ್‌ಲ್ಯಾಂಡ್ಸ್: ವೇಗಕ್ಕೆ ಕಟ್ಟಿದ ಮನೆ

ಹಂಪೆಯನ್ನೂ ಹಳೇಬೀಡನ್ನೂ ನೋಡಿ ಬೆಳೆದ ಕಣ್ಣಿಗೆ ಪಾಳುಬಿದ್ದ ಕಟ್ಟಡಗಳು ಹೊಸವಲ್ಲ. ಆದರೆ ಪಾಳುಬಿದ್ದ ಮೋಟಾರು ದಾರಿಯೊಂದನ್ನು ನೋಡಲು ಇಡೀ ಒಂದು ದಿನವನ್ನು ಮೀಸಲಿಡಬೇಕಾದೀತೆಂದು ನಾನು ಎಂದೂ ಭಾವಿಸಿರಲಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ಅಕ್ಕ-ಭಾವಂದಿರ ಕರೆಗೆ ಓಗೊಟ್ಟು ಇಂಗ್ಲೆಂಡಿಗೆ ಹೋಗಿದ್ದೆನು. ಅವರು ಇರುವುದು ಲಂಡನ್ನಿನ ನೈಋತ್ಯಕ್ಕಿರುವ ಸರ್ರೆ ಎಂಬ ಹಸುರು ಸೀಮೆಯಲ್ಲಿ. ಷೇಕ್ಸ್‌ಪಿಯರನ ಹುಟ್ಟೂರು, ಬ್ರಿಟಿಷ್ ಮ್ಯೂಸಿಯಂ, ವರ್ಡ್ಸ್‌ವರ್ತನ ಸರೋವರಗಳು ಎಂದು ನನ್ನದೊಂದು ಪಟ್ಟಿ ಸಿದ್ಧವಾಗಿತ್ತು. ಅಕ್ಕನ ಮಗ, ಹದಿನಾಲ್ಕು ವರ್ಷದ ಹುಡುಗ, ಆ ಪಟ್ಟಿಯನ್ನು ಓದಿ ಮುಖ ಸಿಂಡರಿಸಿದನು. "ಮಾಮ, ಮೋಟಾರು ಓಟಕ್ಕೆಂದೇ ಕಟ್ಟಿದ ದಾರಿ ಇಲ್ಲೇ ವೇಬ್ರಿಜ್ ಪಕ್ಕದಲ್ಲಿದೆ. ಅದನ್ನು ಬಿಟ್ಟು ನೀವು ಕವಿಗಳ ಮನೆ ಸುತ್ತುತ್ತೀರಾ?" ಎಂದನು.

"ಅವನ ತಲೆಯಲ್ಲಿರುವ ಹುಚ್ಚು ಸಾಲದೆಂದು ನೀನೂ ತುಪ್ಪ ಸುರಿಯಬೇಡ" ಎಂದು ಅಕ್ಕ ಅಡಿಗೆಮನೆಯಿಂದಲೇ ಎಚ್ಚರಿಸಿದಳು.

ನಿಜ ಹೇಳಬೇಕೆಂದರೆ ನನಗೂ ಮನಸ್ಸಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಎರಡು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ರಾತ್ರಿ ಹೊತ್ತು ಗೆಳೆಯರೊಡನೆ ಪಂತ ಕಟ್ಟಿ, ಊರ ಹೊರಗಿನ ವರ್ತುಲ ರಸ್ತೆಯಲ್ಲಿ ಮೋಟಾರು ಸೈಕಲ್ಲು ಓಡಿಸಿ ಮರಳಿ ಬರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಮುಂದಿನ ಬೆಂಚಿನಲ್ಲಿ ಕುಳಿತು ಪಂಪನ ಕರ್ಣನ ವಿಚಾರವಾಗಿ ನನ್ನೊಡನೆ ವಾದಿಸಿದ್ದವನು. ಮರುವಾರ ಹಾಜರಿ ತೆಗೆದುಕೊಳ್ಳುವಾಗ ಅಭ್ಯಾಸಬಲದಿಂದ ಅವನ ಹೆಸರನ್ನು ಕೂಗಿಬಿಟ್ಟೆನು. ತರಗತಿಯ ಆ ಮೌನ ಇಂದಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ವೇಗವೆಂದರೆ ನನಗೆ ಒಂದು ಬಗೆಯ ಜಿಗುಪ್ಸೆ. ಆದರೂ ಹುಡುಗನ ಆಸೆಗೆ ಇಲ್ಲವೆನ್ನಲಾರದೆ ಹೊರಟೆನು.

ಓದುಗರು ಒಂದು ದೊಡ್ಡ ಕೆರೆಯ ಏರಿಯನ್ನು ನೆನೆದುಕೊಳ್ಳಬೇಕು. ಆ ಏರಿಯನ್ನು ಬಿಲ್ಲಿನಂತೆ ಬಗ್ಗಿಸಿ, ಒಳಮೈಗೆ ಕಾಂಕ್ರೀಟು ಹಾಸಿ, ಕೆರೆಯ ನೀರನ್ನೆಲ್ಲ ಬತ್ತಿಸಿದರೆ ಹೇಗೋ, ಬ್ರೂಕ್‌ಲ್ಯಾಂಡ್ಸಿನಲ್ಲಿ ಇಂದು ಉಳಿದಿರುವ ದಾರಿ ಹಾಗೆ ಕಾಣುತ್ತದೆ. ಎತ್ತರ ಹತ್ತಿರ ಹತ್ತಿರ ಮೂವತ್ತು ಅಡಿ, ಅಗಲ ನೂರು ಅಡಿ. ಬಿರುಕುಗಳಲ್ಲಿ ಪಾಚಿ, ಅಂಚಿನಲ್ಲಿ ಮರಗಳು. ಬುಡದಲ್ಲಿ ನಿಂತು ತಲೆಯೆತ್ತಿದರೆ ಇದು ರಸ್ತೆಯೋ ಗೋಡೆಯೋ ತಿಳಿಯದು. ನಾನು ಹತ್ತಲು ಹೋಗಿ, ಅರ್ಧದಲ್ಲಿ ಕಾಲು ಜಾರಿ, ಕೈಯೂರಿ ಇಳಿದುಬಂದೆನು. ಹುಡುಗ ನಕ್ಕನು. "ನಡೆಯುವವರನ್ನು ಇದು ನಿಲ್ಲಿಸಿಕೊಳ್ಳುವುದಿಲ್ಲ, ಮಾಮ. ಓಡುವ ಗಾಡಿಯನ್ನು ಮಾತ್ರ ಹಿಡಿದುಕೊಳ್ಳುತ್ತದೆ" ಎಂದನು. ಅವನ ಮಾತು ಸರಿಯೇ. ವೇಗವಾಗಿ ತಿರುಗುವ ಗಾಡಿ ಹೊರಕ್ಕೆ ಸಿಡಿಯಲು ನೋಡುತ್ತದೆ. ನೆಲವನ್ನು ಒಳಕ್ಕೆ ವಾಲಿಸಿ ಕಟ್ಟಿದರೆ ಆ ನೆಲವೇ ಅದನ್ನು ಒಳಕ್ಕೆ ಒತ್ತಿ ತಿರುಗಿಸುತ್ತದೆ. ವೇಗ ಹೆಚ್ಚಿದಷ್ಟೂ ಗಾಡಿ ಮೇಲಮೇಲಕ್ಕೆ ಏರಿ ಓಡುತ್ತಿತ್ತು.

ಈ ವಿಚಿತ್ರವನ್ನು ಕಟ್ಟಿಸಿದವರು ಹ್ಯೂ ಲಾಕ್ ಕಿಂಗ್ ಎಂಬ ಶ್ರೀಮಂತ ಜಮೀನುದಾರರು. 1905ರಲ್ಲಿ ಅವರು ಇಟಲಿಯ ಬ್ರೆಷಿಯಾದಲ್ಲಿ ಮೋಟಾರು ಪಂದ್ಯ ನೋಡಲು ಹೋಗಿದ್ದರು. ಅಲ್ಲಿ ಓಡಿದ ಗಾಡಿಗಳಲ್ಲಿ ಇಂಗ್ಲೆಂಡಿನದು ಒಂದೂ ಇಲ್ಲದ್ದನ್ನು ಕಂಡು ಅವರ ಮನಸ್ಸಿಗೆ ನೋವಾಯಿತು. ಕಾರಣ ಸರಳವಾಗಿತ್ತು. 1903ರ ಕಾನೂನಿನಂತೆ ಇಂಗ್ಲೆಂಡಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಗಾಡಿಯನ್ನು ಓಡಿಸಿ ನೋಡಲು ಜಾಗವೇ ಇಲ್ಲದ ಮೇಲೆ ಒಳ್ಳೆಯ ಗಾಡಿ ಹುಟ್ಟುವುದೆಂತು? ಹಾಗೆಂದು ಕಾನೂನಿನ ಹಿಂದೆ ವಿವೇಕವಿಲ್ಲದೆಯೂ ಇರಲಿಲ್ಲ. ಅದೇ 1903ರಲ್ಲಿ ಪ್ಯಾರಿಸಿನಿಂದ ಮ್ಯಾಡ್ರಿಡ್ಡಿಗೆಂದು ಹೊರಟ ಪಂದ್ಯದಲ್ಲಿ ಸಾಲುಸಾಲಾಗಿ ಅಪಘಾತಗಳಾಗಿ, ಸವಾರರೂ ದಾರಿಬದಿಯ ಜನರೂ ಸತ್ತು, ಸರಕಾರವೇ ಮಧ್ಯೆ ಪ್ರವೇಶಿಸಿ ಅದನ್ನು ಬೋರ್ಡೋ ನಗರದಲ್ಲಿ ನಿಲ್ಲಿಸಬೇಕಾಗಿತ್ತು. ಗಾಡಿ ತಯಾರಿಸುವ ರೆನೋ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ಕೂಡ ಅಲ್ಲಿಯೇ ಪ್ರಾಣ ಕಳೆದುಕೊಂಡನು.

ಲಾಕ್ ಕಿಂಗ್ ತಮ್ಮದೇ ಜಮೀನಿನಲ್ಲಿ, ತಮ್ಮದೇ ಹಣದಿಂದ, ದಾರಿ ಕಟ್ಟಿಸಲು ತೊಡಗಿದರು. ಕಾಡು ಕಡಿದರು, ವೇ ನದಿಯ ಪಾತ್ರವನ್ನೇ ತಿರುಗಿಸಿದರು. ವೆಚ್ಚ ಏರುತ್ತ ಏರುತ್ತ ಸುಮಾರು ಒಂದೂವರೆ ಲಕ್ಷ ಪೌಂಡಿಗೆ ಮುಟ್ಟಿತು. ಆ ಕಾಲಕ್ಕೆ ಅದೊಂದು ಸಂಸ್ಥಾನದ ಸಂಪತ್ತು. ಚಿಂತೆಯಿಂದ ಅವರ ಆರೋಗ್ಯ ಕುಸಿದಾಗ ಪತ್ನಿ ಎಥೆಲ್ ತಾವೇ ಮುಂದೆ ನಿಂತು, ಬಂಧುಗಳಿಂದ ಹಣ ಹೊಂದಿಸಿ, ಕೆಲಸವನ್ನು ಮುಗಿಸಿದರು. 1907ರ ಜೂನ್ 17ರಂದು ಎರಡೂಮುಕ್ಕಾಲು ಮೈಲಿಯ ದಾರಿ ತೆರೆಯಿತು. ಅಂದಿನ ಮೆರವಣಿಗೆಯಲ್ಲಿ ಎಥೆಲ್ ತಮ್ಮ ಗಾಡಿಯನ್ನು ತಾವೇ ಓಡಿಸಿದರು. ಗಂಡ ಕಂಡ ಕನಸನ್ನು ಹೆಂಡತಿ ನೆಲಕ್ಕಿಳಿಸುವ ಕಥೆ ನಮ್ಮ ಊರುಗಳಲ್ಲೂ ಉಂಟು; ಆದರೆ ಫಲಕದ ಮೇಲೆ ಹೆಂಡತಿಯ ಹೆಸರು ಇರುವುದು ಅಪರೂಪ. ಇಲ್ಲಿ ಇಬ್ಬರನ್ನೂ ನೆನೆಯುತ್ತಾರೆ.

ದಾರಿ ತೆರೆದು ಎರಡು ವಾರಗಳೊಳಗೆ ಎಸ್. ಎಫ್. ಎಡ್ಜ್ ಎಂಬಾತ ನೇಪಿಯರ್ ಗಾಡಿಯಲ್ಲಿ ಒಬ್ಬನೇ 24 ಗಂಟೆ ಸುತ್ತಿದನು. ರಾತ್ರಿಯ ಕತ್ತಲೆಯಲ್ಲಿ ದಾರಿಯಂಚನ್ನು ತೋರಲು ಕೆಂಪು ಲಾಂದ್ರಗಳನ್ನಿಟ್ಟಿದ್ದರು. ಗಂಟೆಗೆ ಸರಾಸರಿ 65 ಮೈಲಿಗೂ ಮೇಲ್ಪಟ್ಟ ವೇಗದಲ್ಲಿ ಅವನು 1581 ಮೈಲಿ ಓಡಿಸಿದನು. ಆ ರಾತ್ರಿ ಸುತ್ತಮುತ್ತಲಿನ ಮನೆಗಳವರಿಗೆ ನಿದ್ರೆ ಬಂದಿರಲಾರದು. ಅವರ ದೂರಿನ ಫಲವಾಗಿ ರಾತ್ರಿಯ ಓಟ ನಿಂತೇಹೋಯಿತು. ಮುಂದೆ 24 ಗಂಟೆಗಳ ಪಂದ್ಯ ನಡೆಸಬೇಕೆನಿಸಿದಾಗ ಹಗಲು 12 ಗಂಟೆ ಓಡಿಸಿ, ರಾತ್ರಿ ಗಾಡಿಗಳಿಗೆ ಬೀಗ ಜಡಿದು, ಮರುದಿನ ಉಳಿದ 12 ಗಂಟೆ ಓಡಿಸುತ್ತಿದ್ದರು! ಇಂಗ್ಲಿಷರ ಈ ರಾಜಿಯ ಬುದ್ಧಿಗೆ ನಾನು ತಲೆದೂಗಿದೆನು.

ಹೊಸ ಆಟಕ್ಕೆ ತನ್ನದೇ ಸಂಪ್ರದಾಯವಿರಲಿಲ್ಲ. ಕುದುರೆ ಜೂಜಿನಿಂದ ಎರವಲು ತಂದರು. ಮೊದಮೊದಲು ಗಾಡಿಗಳಿಗೆ ಅಂಕೆಗಳಿರಲಿಲ್ಲ. ಕುದುರೆ ಸವಾರರಂತೆ ಚಾಲಕರು ಬಣ್ಣಬಣ್ಣದ ರೇಷ್ಮೆ ಅಂಗಿ ತೊಟ್ಟು ಕುಳಿತುಕೊಳ್ಳುತ್ತಿದ್ದರು. ಪಣ ಕಟ್ಟಿಸಿಕೊಳ್ಳುವವರೂ ಬಂದರು. ಗಾಡಿಗಳು ಸಿದ್ಧವಾಗುವ ಅಂಗಳಕ್ಕೆ ಕುದುರೆಗಳ ಅಂಗಳದ ಹೆಸರಾದ 'ಪ್ಯಾಡಕ್' ಎಂಬುದೇ ನಿಂತಿತು. ಇಂದಿಗೂ ಪ್ರಪಂಚದ ಎಲ್ಲ ಮೋಟಾರು ಪಂದ್ಯಗಳಲ್ಲಿ ಅದೇ ಹೆಸರು. ಆಟದ ವೇಗ ಬದಲಾಗುತ್ತದೆ, ಭಾಷೆ ಅಷ್ಟು ಬೇಗ ಬದಲಾಗದು. ಭಾಷೆಯ ಮೇಷ್ಟರಿಗೆ ಅಷ್ಟು ಸಮಾಧಾನ ಸಾಕು.

ಹೆಂಗಸರ ಪಂದ್ಯ 1908ರಲ್ಲೇ ನಡೆಯಿತು; ಮ್ಯೂರಿಯಲ್ ಥಾಮ್ಸನ್ ಗೆದ್ದಳು. ಆಮೇಲೆ ಬಹುಕಾಲ ಅವರಿಗೆ ಬಾಗಿಲು ಮುಚ್ಚಿತ್ತು. 1930ರ ದಶಕದಲ್ಲಿ ಕೇ ಪೆಟ್ರೆ ಎಂಬ ಪುಟ್ಟ ಆಕೃತಿಯ ಹೆಣ್ಣುಮಗಳು, ಐದಡಿಯೂ ಇಲ್ಲದವಳು, ಹತ್ತೂವರೆ ಲೀಟರಿನ ದೈತ್ಯ ಡೆಲಾಜ್ ಗಾಡಿಯನ್ನು ಗಂಟೆಗೆ 134 ಮೈಲಿಗೂ ಮೀರಿದ ವೇಗದಲ್ಲಿ ಸುತ್ತಿಸಿದಳು. ಅವಳ ಚಿತ್ರದ ಮುಂದೆ ನಿಂತಾಗ, ಇದು ತೋಳ್ಬಲದ ಆಟವಲ್ಲ, ಎದೆಯ ಆಟ ಎಂಬುದು ನನಗೆ ಹೊಳೆಯಿತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಪರ್ಸಿ ಲ್ಯಾಂಬರ್ಟನ ಕಥೆ. 1913ರ ಫೆಬ್ರುವರಿ 15ರಂದು ಟಾಲ್ಬಟ್ ಗಾಡಿಯಲ್ಲಿ ಒಂದು ಗಂಟೆಯೊಳಗೆ 103 ಮೈಲಿಗಳಿಗಿಂತ ಹೆಚ್ಚು ದೂರ ಓಡಿಸಿ, ಒಂದೇ ಗಂಟೆಯಲ್ಲಿ ನೂರು ಮೈಲಿ ದೂರ ಗಾಡಿ ಓಡಿಸಿದ ಮೊದಲ ಮನುಷ್ಯನೆನಿಸಿದನು. ಕೆಲವೇ ತಿಂಗಳಲ್ಲಿ ಬೇರೆಯವರು ಅದನ್ನು ಮೀರಿದರು. ಅವನಿಗೆ ಮದುವೆ ಗೊತ್ತಾಗಿತ್ತು. ಇನ್ನು ಓಟ ಬಿಡುತ್ತೇನೆಂದು ಹುಡುಗಿಗೆ ಮಾತು ಕೊಟ್ಟಿದ್ದನೆಂದು ಹೇಳುತ್ತಾರೆ. ಕೊನೆಯದಾಗಿ ಒಮ್ಮೆ ತನ್ನ ದಾಖಲೆಯನ್ನು ಮರಳಿ ಪಡೆಯಬೇಕೆಂದು ಅದೇ ಅಕ್ಟೋಬರ್ 31ರಂದು ಹೊರಟನು. ಹಿಂದಿನ ಟೈರು ಒಡೆಯಿತು. ಗಾಡಿ ಉರುಳಿತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದನು: "ಮಾಮ, ಅಮ್ಮ ಹೇಳುತ್ತಿದ್ದಳು, ನಿಮ್ಮ ವಿದ್ಯಾರ್ಥಿಯೊಬ್ಬ..."

ನಾನು ಅವನಿಗೆ ಎಲ್ಲವನ್ನೂ ಹೇಳಿದೆನು. ಹಾಜರಿ ಪುಸ್ತಕದ ಸಂಗತಿಯನ್ನೂ ಹೇಳಿದೆನು. ಆ ವಾಲಿದ ಗೋಡೆಯ ನೆರಳಿನಲ್ಲಿ ಒಂದು ಬೆಂಚಿನ ಮೇಲೆ ಇಬ್ಬರೂ ಕುಳಿತಿದ್ದೆವು. "ಅವನಿಗೆ ಇಂಥ ಜಾಗ ಇದ್ದಿದ್ದರೆ?" ಎಂದನು ಹುಡುಗ. ಲ್ಯಾಂಬರ್ಟನಿಗೆ ಇಂಥ ಜಾಗವೇ ಇತ್ತಲ್ಲ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆನು. ಯೋಚಿಸಿದಂತೆ ಇಬ್ಬರ ಮಾತಿನಲ್ಲೂ ನಿಜವಿದೆಯೆನಿಸಿತು. ಗೋಡೆ ಕಟ್ಟಿದ ಮಾತ್ರಕ್ಕೆ ಸಾವು ಹೊರಗುಳಿಯಲಿಲ್ಲ. 1932ರಲ್ಲಿ 500 ಮೈಲಿಯ ಪಂದ್ಯದಲ್ಲಿ ಕ್ಲೈವ್ ಡನ್‌ಫೀಯ ಬೆಂಟ್ಲಿ ಗಾಡಿ ಇದೇ ಗೋಡೆಯ ನೆತ್ತಿಯಿಂದಾಚೆ ಹಾರಿಹೋಯಿತು. ಆದರೆ ಇಲ್ಲಿ ಪ್ರಾಣವನ್ನು ಪಣಕ್ಕಿಟ್ಟವರು, ತಿಳಿದು ಬಂದವರು. ಶಾಲೆಗೆ ಹೊರಟ ಮಗುವಾಗಲಿ, ಹಾಲು ಮಾರುವವನಾಗಲಿ ಆ ಪಣದ ಪಾಲುದಾರರಾಗಬೇಕಿರಲಿಲ್ಲ. ಟೈರು, ಬ್ರೇಕು, ಎಂಜಿನ್ನುಗಳ ಕುಂದುಗಳು ಇಲ್ಲಿ ಬಯಲಾಗಿ, ತಿದ್ದಿಕೊಂಡು, ಆಮೇಲೆ ಸಾಮಾನ್ಯರ ಗಾಡಿಗಳಿಗೆ ಸಂದವು.

ಒಳಗೆ ವಸ್ತುಸಂಗ್ರಹಾಲಯದಲ್ಲಿ ನೇಪಿಯರ್-ರೇಲ್ಟನ್ ನಿಂತಿದೆ. 24 ಲೀಟರಿನ ವಿಮಾನದ ಎಂಜಿನ್ನನ್ನು ಹೊತ್ತ, ಬೆಳ್ಳಿಯ ಮೈಯ ಗಾಡಿ. ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ! ತುಪ್ಪುಳಿನ ವ್ಯಾಪಾರಿಯಾಗಿದ್ದ ಜಾನ್ ಕಾಬ್ ಇದರಲ್ಲಿ 1935ರಲ್ಲಿ ಗಂಟೆಗೆ 143.44 ಮೈಲಿ ವೇಗದಲ್ಲಿ ಒಂದು ಸುತ್ತು ಮುಗಿಸಿದನು. ಮರಳುನೆಲದ ಮೇಲೆ ಹಾಸಿದ ಕಾಂಕ್ರೀಟು ಅಷ್ಟರಲ್ಲಿ ಅಲ್ಲಲ್ಲಿ ಕುಸಿದಿತ್ತು. ನದಿಯ ಸೇತುವೆಯ ಬಳಿಯ ಉಬ್ಬಿನಲ್ಲಿ ಈ ಭಾರಿ ಗಾಡಿ ನೆಲಬಿಟ್ಟು ಹಾರುತ್ತಿತ್ತು. ಕಾಬನ ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ. ಮುರಿಯಲು ದಾರಿಯೇ ಉಳಿಯಲಿಲ್ಲ.

1939ರ ಆಗಸ್ಟಿನಲ್ಲಿ ಕೊನೆಯ ಪಂದ್ಯ ನಡೆಯಿತು. ಮರುತಿಂಗಳು ಯುದ್ಧ ಬಂದಿತು. ದಾರಿಯ ನಡುವಿನ ಬಯಲು ಮೊದಲಿನಿಂದಲೂ ವಿಮಾನಗಳ ನೆಲೆಯಾಗಿತ್ತು. ಹರಿಕೇನ್ ಯುದ್ಧವಿಮಾನ 1935ರಲ್ಲಿ ಮೊದಲು ಹಾರಿದ್ದು ಇಲ್ಲಿಂದಲೇ. ಮುಂದೆ ನಮ್ಮ ವಾಯುಪಡೆಯವರು ಬರ್ಮಾ ಯುದ್ಧದಲ್ಲಿ ಹಾರಿಸಿದ್ದು ಆ ಜಾತಿಯ ವಿಮಾನಗಳನ್ನೇ. 1940ರ ಸೆಪ್ಟೆಂಬರಿನಲ್ಲಿ ಶತ್ರುವಿಮಾನಗಳು ಇಲ್ಲಿನ ವಿಕರ್ಸ್ ಕಾರ್ಖಾನೆಯ ಮೇಲೆ ಬಾಂಬು ಹಾಕಿ ಎಂಬತ್ತಕ್ಕೂ ಹೆಚ್ಚು ಜನರನ್ನು ಕೊಂದವು. ಕಾರ್ಖಾನೆಗಾಗಿ ಗೋಡೆಯನ್ನು ಒಡೆದರು, ಮರೆಮಾಡಲು ಗಿಡ ನೆಟ್ಟರು. 1946ರಲ್ಲಿ ಇಡೀ ಜಾಗವನ್ನು ವಿಕರ್ಸಿನವರೇ ಕೊಂಡರು. ಓಟ ಮರಳಲಿಲ್ಲ. ಆ ಸಂಸ್ಥೆಯವರು ರೂಪಿಸಿದ ವೈಕೌಂಟ್ ವಿಮಾನಗಳನ್ನು 1957ರಿಂದ ಇಂಡಿಯನ್ ಏರ್‌ಲೈನ್ಸ್ ಓಡಿಸಿತು. ನಮ್ಮ ಮನೆಗಳ ಹಿರಿಯರಲ್ಲಿ ಕೆಲವರು ಮೊದಲ ಸಲ ಆಕಾಶ ಕಂಡದ್ದು ಅವುಗಳ ದೊಡ್ಡ ಕಿಟಕಿಗಳಲ್ಲೇ ಇರಬಹುದು.

ನಮ್ಮ ಕಡೆ ಇದರ ತಿರುವುಮುರುವು ನಡೆಯಿತೆಂಬುದನ್ನು ನೆನೆದು ನಗು ಬಂತು. ಇಲ್ಲಿ ಓಟದ ದಾರಿ ವಿಮಾನದ ನೆಲೆಯಾಯಿತು. ಮದರಾಸಿನ ಬಳಿಯ ಷೋಲಾವರಂನಲ್ಲಿ ಯುದ್ಧಕಾಲದ ವಿಮಾನಪಟ್ಟಿಯೇ 1950ರ ದಶಕದಿಂದ ಓಟದ ದಾರಿಯಾಯಿತು. ಬೆಂಗಳೂರಿನ ಉತ್ಸಾಹಿಗಳೂ ಅಲ್ಲಿಗೆ ಹೋಗುತ್ತಿದ್ದರು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಓಟಕ್ಕೆಂದೇ ದಾರಿ ಸಿದ್ಧವಾಯಿತು. ಆದರೆ ನಮ್ಮ ಊರಿನ ಹುಡುಗರಿಗೆ ಅದೆಷ್ಟು ದೂರ! ಅವರ ಮನೆಯ ಬಾಗಿಲಿಗೆ ಬಂದಿರುವುದು ವರ್ತುಲ ರಸ್ತೆ ಮಾತ್ರ.

ಹೊರಡುವ ಮುನ್ನ ಹುಡುಗ ನನ್ನನ್ನು 1909ರಲ್ಲಿ ಕಟ್ಟಿದ ಪರೀಕ್ಷೆಯ ಏರಿಗೆ ಕರೆದೊಯ್ದನು. ಗಾಡಿಗಳ ಏರುವ ಶಕ್ತಿಯನ್ನೂ ಬ್ರೇಕನ್ನೂ ಒರೆಹಚ್ಚಲು ಕಟ್ಟಿದ 352 ಅಡಿಯ ಕಡಿದಾದ ದಾರಿ. ಅವನು ಒಂದೇ ಉಸಿರಿಗೆ ಓಡಿ ತುದಿ ಮುಟ್ಟಿದನು. ನಾನು ಮೂರು ಕಡೆ ನಿಂತು ಮುಟ್ಟಿದೆನು. "ಇಲ್ಲಿ ಹತ್ತುವುದಕ್ಕಿಂತ ಇಳಿಯುವಾಗ ನಿಲ್ಲಿಸುವುದೇ ಕಷ್ಟವಂತೆ" ಎಂದು ಅವನು ಫಲಕ ನೋಡದೆಯೇ ವಿವರಿಸಿದನು. "ನೆನಪಿರಲಿ" ಎಂದೆನು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು: "ಏನು ಕಂಡೆ?"

ಏನೆಂದು ಹೇಳಲಿ? "ಊರಾಚೆ ಒಂದು ಗೋಡೆ ಕಂಡೆ. ಇವನು ದೊಡ್ಡವನಾದ ಮೇಲೆ ಗಾಡಿ ಓಡಿಸಿಯೇ ಓಡಿಸುತ್ತಾನೆ. ಬೇಡವೆನ್ನಬೇಡ, ಎಲ್ಲಿ ಓಡಿಸುತ್ತೀಯೆಂದು ಮಾತ್ರ ಕೇಳು" ಎಂದೆನು.

ಅಕ್ಕ ಉತ್ತರ ಕೊಡಲಿಲ್ಲ. ಊಟಕ್ಕೆ ಕುಳಿತಾಗ ಮಗನ ತಟ್ಟೆಗೆ ಒಂದು ಸೌಟು ಸಾರು ಹೆಚ್ಚಾಗಿಯೇ ಬಡಿಸಿ, "ಆ ಪರೀಕ್ಷೆಯ ಏರಿ ಎಷ್ಟು ಎತ್ತರವೋ?" ಎಂದು ಮೆಲ್ಲಗೆ ವಿಚಾರಿಸಿದಳು. ಹುಡುಗ ಕೈತೊಳೆಯುವವರೆಗೂ ಮಾತು ನಿಲ್ಲಿಸಲಿಲ್ಲ.