ಗುಡಿಯ ಅಂಗಗಳ ಹೆಸರು ಬಲ್ಲಿರಾ? ಬಾದಾಮಿಯಿಂದ ಇಟಗಿಯವರೆಗೆ

ಪ್ರವಾಸ ಮುಗಿಸಿ ಮರಳಿದ ಮಕ್ಕಳನ್ನು ‘ಏನು ನೋಡಿ ಬಂದಿರಿ?’ ಎಂದು ಕೇಳಿದರೆ ‘ಗುಡಿ ನೋಡಿದೆವು, ಬಹಳ ಚೆನ್ನಾಗಿತ್ತು’ ಎಂಬ ಉತ್ತರ ದೊರೆಯುತ್ತದೆ. ಅದರಾಚೆಗೆ ಮಾತು ಬೆಳೆಯುವುದಿಲ್ಲ. ಕಣ್ಣು ತುಂಬ ಕಂಡಿದ್ದರೂ ಕಂಡದ್ದಕ್ಕೆ ಹೆಸರು ತಿಳಿಯದಿರುವುದೇ ಇದಕ್ಕೆ ಕಾರಣ. ಹೆಸರು ತಿಳಿಯದ ವಸ್ತು ಮನಸ್ಸಿನಲ್ಲಿ ಬಹುಕಾಲ ನಿಲ್ಲುವುದಿಲ್ಲ. ನಮ್ಮ ಶಿಲ್ಪಿಗಳಾದರೋ ಗುಡಿಯ ಬುಡದ ಕಲ್ಲಿನಿಂದ ತುದಿಯ ಕಳಶದವರೆಗೆ ಪ್ರತಿಯೊಂದು ಅಂಗಕ್ಕೂ ಒಂದೊಂದು ಹೆಸರಿಟ್ಟು ಹೋಗಿದ್ದಾರೆ. ಆ ಹೆಸರುಗಳನ್ನು ಅರಸುತ್ತ ನಾವು ಕುಟುಂಬ ಸಮೇತರಾಗಿ ಮಲಪ್ರಭೆಯ ತೀರದಲ್ಲಿಯೂ, ಅಲ್ಲಿಂದ ಮುಂದೆ ಗದಗ, ಕೊಪ್ಪಳಗಳ ಸೀಮೆಯಲ್ಲಿಯೂ ಮೂರು ದಿನ ಸಂಚರಿಸಿದೆವು. ಐದನೆಯ ತರಗತಿಯಲ್ಲಿ ಓದುವ ಮೊಮ್ಮಗಳೂ ಜೊತೆಗಿದ್ದಳು. ಆ ಸಂಚಾರದಲ್ಲಿ ಕಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಬಾದಾಮಿ: ಗುಡ್ಡದೊಳಗಿನ ಜಂತಿಮನೆ

ಚಾಲುಕ್ಯರ ರಾಜಧಾನಿಯಾಗಿದ್ದ ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ನಾಲ್ಕು ಗುಹಾಲಯಗಳಿವೆ. ಮೂರನೆಯದು ಇವುಗಳಲ್ಲೆಲ್ಲ ವಿಶಾಲವಾದುದು. ಅಲ್ಲಿ ಮಂಗಳೇಶನ ಶಾಸನವಿದ್ದು, ಅದರ ಕಾಲ ಶಕವರ್ಷ 500, ಎಂದರೆ ಕ್ರಿ.ಶ. 578. ಹದಿನಾಲ್ಕು ಶತಮಾನಗಳಿಗೂ ಹಿಂದಿನ ಆ ಮಂಟಪದೊಳಗೆ ನಿಂತು ತಲೆಯೆತ್ತಿದಾಗ ನಮಗೆ ಕಂಡದ್ದು ಒಂದು ವಿಸ್ಮಯ. ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ಎಲ್ಲವೂ ಕ್ರಮವಾಗಿ ಅಲ್ಲಿವೆ. ಗುಡ್ಡವೇ ಮಾಳಿಗೆಯಾಗಿರುವಲ್ಲಿ ತೊಲೆ ಹೊರುವ ಭಾರವಾದರೂ ಯಾವುದು? ಇಡೀ ಗುಹೆ ಒಂದೇ ಬಂಡೆ. ಆದರೂ ಶಿಲ್ಪಿ ತೊಲೆಯನ್ನು ಕಡೆದಿದ್ದಾನೆ. ಮರದ ಮನೆಯಲ್ಲಿ ಕಂಡದ್ದನ್ನು ಕಲ್ಲಿನಲ್ಲಿಯೂ ಕಾಣದೆ ಅವನ ಮನಸ್ಸಿಗೆ ಸಮಾಧಾನವಾಗಿರಲಿಕ್ಕಿಲ್ಲ.

ಬೋದಿಗೆ ಎಂಬ ಮಾತು ಉತ್ತರ ಕರ್ನಾಟಕದ ಹಳೆಯ ಜಂತಿಮನೆಗಳಲ್ಲಿ ಬೆಳೆದವರಿಗೆ ಹೊಸತಲ್ಲ. ಪಡಸಾಲೆಯ ಕಂಬಕ್ಕೂ ತೊಲೆಗೂ ನಡುವೆ, ತೊಲೆಯ ಭಾರವನ್ನು ಎರಡು ಕಡೆಗೂ ಹಂಚುವಂತೆ ತೋಳು ಚಾಚಿ ನಿಂತ ಕೆತ್ತನೆಯ ಮರದ ತುಂಡೇ ಬೋದಿಗೆ. ನಮ್ಮ ಮೂಲ ಮನೆಯಲ್ಲಿಯೂ ಅಂತಹ ಬೋದಿಗೆಗಳಿದ್ದವು. ಆ ಮನೆಯನ್ನು ಕೆಡವಿ ಸಿಮೆಂಟಿನ ಚಾವಣಿಯ ಮನೆ ಕಟ್ಟಿ ಬಹಳ ವರ್ಷಗಳಾದವು. ಕಂಬ ಹೋಯಿತು, ಬೋದಿಗೆ ಹೋಯಿತು. ಅವುಗಳೊಂದಿಗೆ ಆ ಮಾತೂ ಮನೆಯವರ ನಾಲಿಗೆಯಿಂದ ಜಾರಿತು. ನಮ್ಮ ಮೊಮ್ಮಗಳು ಆ ಪದವನ್ನು ಮೊದಲ ಬಾರಿಗೆ ಕೇಳಿದ್ದು ಬಾದಾಮಿಯ ಗುಹೆಯಲ್ಲಿ. ನಾಲ್ಕು ಸಲ ಅದನ್ನು ಹೇಳಿಕೊಂಡು, ಕಂಬದಿಂದ ಕಂಬಕ್ಕೆ ಓಡಿ ಎಣಿಸತೊಡಗಿದಳು.

ಐಹೊಳೆ: ಮರದಿಂದ ಕಲ್ಲಿಗೆ

ಬಾದಾಮಿಯಿಂದ ಪಟ್ಟದಕಲ್ಲಿನ ಮೇಲೆ ಹಾದು ಹೋದರೆ ಐಹೊಳೆ. ಕಾಲಕ್ರಮದಲ್ಲಿ ನೋಡುವ ಆಸೆಯಿಂದ ಪಟ್ಟದಕಲ್ಲನ್ನು ಮರುದಿನಕ್ಕೆ ಉಳಿಸಿ ನಾವು ನೇರವಾಗಿ ಐಹೊಳೆಗೆ ಸಾಗಿದೆವು. ನೂರಕ್ಕೂ ಮಿಕ್ಕಿದ ಗುಡಿಗಳಿರುವ ಈ ಊರಿನಲ್ಲಿ ಹಲವು ಗುಡಿಗಳಿಗೆ ದೇವರ ಹೆಸರಿಲ್ಲ. ಗೌಡರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ ಎಂದು ಜನರ ಹೆಸರುಗಳೇ ನಿಂತಿವೆ. ಒಂದು ಕಾಲಕ್ಕೆ ವಾಸಿಸಿದ್ದ ಲಾಡಖಾನನ ಹೆಸರಿನಿಂದಲೇ ಇಲ್ಲಿಯ ಒಂದು ಪ್ರಸಿದ್ಧ ಗುಡಿ ಪುಸ್ತಕಗಳಲ್ಲಿ ನೆಲೆನಿಂತಿದೆ. ಗುಡಿಯೇ ಮನೆಯಾದ ಊರಿದು.

ಲಾಡಖಾನ ಗುಡಿಯ ಮಾಳಿಗೆಯನ್ನು ವಾಚಕರು ಅಗತ್ಯವಾಗಿ ಗಮನಿಸಬೇಕು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದುಗಳ ಮೇಲೆ ಉದ್ದುದ್ದವಾದ ಕಲ್ಲಿನ ದಿಮ್ಮಿಗಳನ್ನು ಮರದ ತುಂಡುಗಳಂತೆ ಕೂರಿಸಿದ್ದಾರೆ. ಬಡಿಗನ ಉಪಾಯವನ್ನು ಕಲ್ಲುಕುಟಿಗ ಕೈಗೆತ್ತಿಕೊಂಡ ಪರಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸಮೀಪದ ದುರ್ಗದ ಗುಡಿಯ ಹೆಸರಿನಲ್ಲಿಯೂ ಒಂದು ಪಾಠವಿದೆ. ಇದು ದುರ್ಗಾದೇವಿಯ ಗುಡಿಯೆಂದು ಬಂದವರೆಲ್ಲ ಭಾವಿಸುವುದುಂಟು. ಪಕ್ಕದಲ್ಲಿ ಕೋಟೆ, ಎಂದರೆ ದುರ್ಗ, ಇದ್ದುದರಿಂದ ಬಂದ ಹೆಸರದು. ಇದರ ಹಿಂಭಾಗ ಚೌಕವಾಗಿರದೆ ಆನೆಯ ಹಿಂಭಾಗದಂತೆ ಬಾಗಿ ದುಂಡಾಗಿದೆ. ಶಿಲ್ಪಿಗಳು ಈ ರೂಪವನ್ನು ಗಜಪೃಷ್ಠವೆಂದು ಕರೆದರು. ಗರ್ಭಗೃಹವನ್ನು ಬಳಸಿಕೊಂಡು ಹೋಗುವ ದಾರಿ ಪ್ರದಕ್ಷಿಣಾಪಥ. ಈ ದಾರಿ ಒಳಗಡೆಯೇ ಇದ್ದರೆ ಆ ಗುಡಿ ಸಾಂಧಾರ, ಇಲ್ಲದಿದ್ದರೆ ನಿರಂಧಾರ.

ಬಾಗಿಲ ಬಳಿ ನಿಂತರೆ ಅಲ್ಲಿಯೂ ಒಂದು ಪದಕೋಶವೇ ತೆರೆದುಕೊಳ್ಳುತ್ತದೆ. ಬಾಗಿಲ ಚೌಕಟ್ಟಿನ ಇಕ್ಕೆಲಗಳಲ್ಲಿ ಬಳ್ಳಿ, ಹೂ, ಕಂಬಗಳ ಪಟ್ಟಿಗಳು ಮೇಲೆದ್ದಿರುತ್ತವೆ, ಅವು ಶಾಖೆಗಳು. ಐದು ಪಟ್ಟಿಗಳಿದ್ದರೆ ಅದು ಪಂಚಶಾಖಾ ದ್ವಾರ. ಬಾಗಿಲ ನೆತ್ತಿಯ ನಡುವೆ ಇರುವ ಕಿರುಶಿಲ್ಪಕ್ಕೆ ಲಲಾಟಬಿಂಬವೆಂದು ಹೆಸರು. ಲಲಾಟವೆಂದರೆ ಹಣೆ. ವಿಭೂತಿ ಧರಿಸುವ ಸ್ಥಾನ ನಮಗೆ ಹೇಗೋ ಬಾಗಿಲಿಗೆ ಲಲಾಟಬಿಂಬ ಹಾಗೆ.

ಊರಿನ ಮೇಲಿನ ಗುಡ್ಡದಲ್ಲಿ ಮೇಗುತಿಯೆಂಬ ಜಿನಾಲಯವಿದೆ. ಅಲ್ಲಿಯ ರವಿಕೀರ್ತಿಯ ಶಾಸನ ಕ್ರಿ.ಶ. 634ರದು. ಮೇಲಿನ ಗುಡಿ ಎಂಬುದೇ ಜನರ ಬಾಯಲ್ಲಿ ಮೇಗುತಿಯಾಯಿತು.

ಪಟ್ಟದಕಲ್ಲು: ಆರು ಅಂಗಗಳ ವಿಮಾನ

ಮಲಪ್ರಭೆ ಉತ್ತರಾಭಿಮುಖವಾಗಿ ಹರಿಯುವ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ನಾಗರ, ದ್ರಾವಿಡ ಎಂಬ ಎರಡು ಶೈಲಿಗಳನ್ನು ಒಂದೇ ಅಂಗಳದಲ್ಲಿ ನಿಂತು ಹೋಲಿಸಿ ನೋಡುವ ಅವಕಾಶ ಇಲ್ಲಿದೆ.

ಗಳಗನಾಥ ಗುಡಿಯ ಶಿಖರ ಬುಡದಿಂದಲೇ ಬಾಗುತ್ತ ಬಾಗುತ್ತ ಮೇಲೇರುತ್ತದೆ. ಇದು ನಾಗರ ಶೈಲಿ. ಶಿಖರದ ನೆತ್ತಿಯ ಮೇಲೆ ಸುತ್ತಲೂ ಗೆರೆಗಳುಳ್ಳ, ತುಸು ಅದುಮಿದಂತಿರುವ ಒಂದು ದುಂಡುಗಲ್ಲು; ಅದರ ಮೇಲೆ ಕಳಶ. ಅದನ್ನು ನೋಡಿದೊಡನೆ ನಮ್ಮ ಮೊಮ್ಮಗಳು ‘ಅಜ್ಜಾ, ನೆಲ್ಲಿಕಾಯಿ ಇದ್ದಂಗ ಐತಲ್ಲಾ!’ ಎಂದಳು. ಶಿಲ್ಪಶಾಸ್ತ್ರ ಅದನ್ನು ಆಮಲಕವೆಂದು ಕರೆಯುತ್ತದೆ, ಆಮಲಕವೆಂದರೆ ನೆಲ್ಲಿಯೇ. ಶಾಸ್ತ್ರಕಾರನೂ ಈ ಮಗುವೂ ಒಂದೇ ಹಣ್ಣನ್ನು ಕಂಡಿದ್ದರು.

ಕೆಲವೇ ಹೆಜ್ಜೆಗಳಾಚೆ ವಿರೂಪಾಕ್ಷ ದೇವಾಲಯ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ದೇವಾಲಯವನ್ನು ಅವಳ ತಂಗಿ, ಅದೇ ಅರಸನ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದಳು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ದ್ರಾವಿಡ ವಿಮಾನಕ್ಕೆ ಆರು ಅಂಗಗಳನ್ನು ಹೇಳುತ್ತಾರೆ. ಕೆಳಗಿನಿಂದ ಮೇಲಕ್ಕೆ ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ. ಅಧಿಷ್ಠಾನವೆಂದರೆ ಗುಡಿ ಕುಳಿತ ಪೀಠ. ಅದರಲ್ಲಿಯೂ ಪಟ್ಟಿಪಟ್ಟಿಯಾಗಿ ಜಗತಿ, ಕುಮುದ, ಕಪೋತ ಮುಂತಾದ ಸಾಲುಗಳಿವೆ. ಕುಮುದವೆಂದರೆ ನೈದಿಲೆ, ಕಪೋತವೆಂದರೆ ಪಾರಿವಾಳ. ಪಾದವೆಂದರೆ ಗೋಡೆಯ ಭಾಗ. ಅದನ್ನು ಭಿತ್ತಿಯೆಂದೂ ಕರೆಯುವರು. ಅದರಲ್ಲಿ ದೇವತೆಗಳನ್ನು ನಿಲ್ಲಿಸಿದ ಗೂಡುಗಳೇ ದೇವಕೋಷ್ಠಗಳು. ಬೆಳಕು ಹಾಯಲು ಕಲ್ಲಿನಲ್ಲಿಯೇ ಕೊರೆದ ಜಾಲರಿ ಜಾಲಂಧ್ರ. ಗೋಡೆಯ ಮೇಲಿನ ಚಾಚು ಪ್ರಸ್ತರ. ಗ್ರೀವವೆಂದರೆ ಕೊರಳು, ಕೊರಳ ಮೇಲೆ ತಲೆಯಂತೆ ಶಿಖರ, ಅದರ ತುದಿಗೆ ಸ್ತೂಪಿ. ಶಿಖರದ ಸುತ್ತ ಸಾಲುಗಟ್ಟಿದ ಪುಟ್ಟ ಮನೆಗಳಲ್ಲಿ ಚೌಕವಾದುದು ಕೂಟ, ಉದ್ದನೆಯದು ಶಾಲೆ. ಗೋಡೆ, ಮಾಳಿಗೆಗಳ ಮೇಲೆಲ್ಲ ಕಾಣುವ ಕುದುರೆಲಾಳದಾಕಾರದ ಅಲಂಕಾರ ಗವಾಕ್ಷ, ಎಂದರೆ ಗೋವಿನ ಕಣ್ಣು. ಹಳೆಯ ಮನೆಗಳ ಗವಾಕ್ಷಿಯೂ ಇದೇ ಮಾತು.

ಇನ್ನು ವಿಮಾನದ ಮುಂಭಾಗದಲ್ಲಿ, ಅಂತರಾಳದ ಮೇಲೆ ಮುಂದಕ್ಕೆ ಚಾಚಿಕೊಂಡ ಒಂದು ಅಂಗವಿದೆ. ಅದು ಶುಕನಾಸಿ, ಗಿಳಿಯ ಮೂಗು. ‘ಗುಡಿಗೂ ಮೂಗು ಇರತದೇನಜ್ಜಾ?’ ಎಂದು ಮೊಮ್ಮಗಳು ನಕ್ಕಳು. ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯ ಕಟ್ಟಿಸಿದ ಸಂಗಮೇಶ್ವರ ದೇವಾಲಯ ಅಲ್ಲಿಯೇ ಇದೆ, ಅದಕ್ಕೆ ಶುಕನಾಸಿಯಿಲ್ಲ. ಇಲ್ಲಿಯ ಜಂಬುಲಿಂಗ, ಕಾಡಸಿದ್ಧೇಶ್ವರ ಎಂಬ ಚಿಕ್ಕ ನಾಗರ ಗುಡಿಗಳಿಗೆ ಅದು ಉಂಟು. ವಿರೂಪಾಕ್ಷದ ಶಿಲ್ಪಿಗಳು ನಾಗರದ ಆ ಅಂಗವನ್ನು ತಂದು ದ್ರಾವಿಡ ವಿಮಾನಕ್ಕೆ ಸೇರಿಸಿದರು. ಎರಡು ನಾಡುಗಳ ಕಲೆ ಬೀಗತನ ಬೆಳೆಸಿದ ಸ್ಥಳವಿದು.

ಹೀಗೆ ಕಟ್ಟಿದವರಿಗೂ ಹೆಸರಿದೆ. ಅನಿವಾರಿತಾಚಾರಿ ಗುಂಡ, ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಾಚಾರ್ಯರನ್ನು ಇಲ್ಲಿಯ ಶಾಸನಗಳು ಗೌರವದಿಂದ ಸ್ಮರಿಸುತ್ತವೆ. ಪಾಪನಾಥ ದೇವಾಲಯದಲ್ಲಿ ರೇವಡಿ ಓವಜ್ಜನ ಹೆಸರಿದೆ. ಆಚಾರಿ, ಓವಜ್ಜ ಎಂಬುವು ಗುರುತ್ವವನ್ನು ಸೂಚಿಸುವ ಪದಗಳು. ಅಳತೆಯ ದಾರವನ್ನು ಕೈಯಲ್ಲಿ ಹಿಡಿದು ಕಟ್ಟಡವನ್ನು ನಡೆಸುವವನು ಸೂತ್ರಧಾರಿ. ದುಡಿಮೆಗೆ ರಾಜಮರ್ಯಾದೆ ಸಂದ ಇಂತಹ ಕಲ್ಲುಗಳ ಮೇಲೆ ಮೊಳೆಯಿಂದ ತಮ್ಮ ಹೆಸರು ಗೀಚುವವರನ್ನು ಕಂಡಾಗ ಸಂಕಟವಾಗುತ್ತದೆ. ಕಲ್ಲಿನ ಹೆಸರನ್ನು ಬಲ್ಲವನು ಅದರ ಮೇಲೆ ತನ್ನ ಹೆಸರು ಬರೆಯಲಾರ.

ಲಕ್ಕುಂಡಿ, ಇಟಗಿ: ನಯವಾದ ಕಲ್ಲು

ಮೂರನೆಯ ದಿನ ಗದಗಿನ ಸಮೀಪದ ಲಕ್ಕುಂಡಿಗೆ ಬಂದೆವು. ಮೂರು ಶತಮಾನಗಳು ಮುಂದೆ ಬಂದಂತಾಯಿತು. ಇದು ಕಲ್ಯಾಣದ ಚಾಲುಕ್ಯರ ಕಾಲ. ದಾನಚಿಂತಾಮಣಿ ಅತ್ತಿಮಬ್ಬೆ ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬಸದಿಯನ್ನು ಕಟ್ಟಿಸಿದ ಊರೂ ಇದೇ. ಒರಟು ಮರಳುಗಲ್ಲಿನ ಸ್ಥಾನದಲ್ಲಿ ಈಗ ಮೃದುವಾದ ಬಳಪದ ಕಲ್ಲು ಬಂದಿದೆ. ಕಲ್ಲು ಬದಲಾದಂತೆ ಕೆಲಸವೂ ಬದಲಾಯಿತು. ಚಾಣ ಹೂವಿನ ಎಸಳಿನಷ್ಟು ತೆಳುವಾಗಿ ಓಡಿದೆ. ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ. ಬುಗುರಿಯಂತೆ ನುಣುಪಾದ ಬಳೆಗಳು ಅವುಗಳ ಮೈಮೇಲೆ ಮೂಡಿವೆ. ಕಾಶಿವಿಶ್ವೇಶ್ವರ ದೇವಾಲಯದಲ್ಲಿ ಎರಡು ಗರ್ಭಗೃಹಗಳು ಎದುರುಬದುರಾಗಿವೆ. ಇಂತಹುದು ದ್ವಿಕೂಟ. ಮೂರಿದ್ದರೆ ತ್ರಿಕೂಟ.

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಶಾಸನ ಇದನ್ನು ದೇವಾಲಯಗಳ ಚಕ್ರವರ್ತಿಯೆಂದು ಹೊಗಳಿದೆ. ಅಂಚಿನುದ್ದಕ್ಕೂ ಒರಗಿ ಕೂಡಲು ಮಾಡಿದ ಕಲ್ಲಿನ ಜಗುಲಿ ಕಕ್ಷಾಸನ. ಅಲ್ಲಿ ಒರಗಿ ಕುಳಿತು ಮೇಲೆ ನೋಡಿದರೆ ಕುಸುರಿ ಕೆಲಸದ ಚಾವಣಿ. ನಡುಅಂಕಣದ ಅಂತಹ ಚಾವಣಿಗೆ ಭುವನೇಶ್ವರಿಯೆಂದು ಹೆಸರು. ನಾಗರ, ದ್ರಾವಿಡಗಳೆರಡರ ಗುಣಗಳೂ ಬೆರೆತ ಈ ಬಗೆಯ ದೇವಾಲಯಗಳನ್ನು ವಿದ್ವಾಂಸರು ವೇಸರ ಶೈಲಿಯವೆನ್ನುತ್ತಾರೆ. ಸಂಸ್ಕೃತದಲ್ಲಿ ವೇಸರವೆಂದರೆ ಹೇಸರಗತ್ತೆ. ಎರಡು ಜಾತಿಗಳ ಬೆರಕೆಯಿಂದ ಹುಟ್ಟಿಯೂ ಎರಡಕ್ಕಿಂತ ಹೆಚ್ಚು ಭಾರ ಹೊರಬಲ್ಲ ಪ್ರಾಣಿಯ ಹೆಸರು ಈ ಶೈಲಿಗೆ ಒಪ್ಪುತ್ತದೆ.

ಪದಗಳ ಮರುಪ್ರಯಾಣ

ಮೂರು ದಿನಗಳಲ್ಲಿ ಕೂಡಿಟ್ಟ ಪದಗಳನ್ನು ಸಾಲಾಗಿ ಬರೆದು ನೋಡಿದೆವು. ಪಾದ, ಗ್ರೀವ, ಲಲಾಟ, ನಾಸಿ ಎಂಬಿವು ಶರೀರದ ಅಂಗಗಳು. ಬೋದಿಗೆ, ತೊಲೆ, ಶಾಲೆ, ಗವಾಕ್ಷ ಎಂಬಿವು ಮನೆಯ ಮಾತುಗಳು. ನೆಲ್ಲಿ, ನೈದಿಲೆ, ಪಾರಿವಾಳ, ಗಿಳಿ, ಆನೆ ಎಂಬಿವು ಹಿತ್ತಿಲಲ್ಲೋ ಕೆರೆಯ ದಂಡೆಯಲ್ಲೋ ಕಾಣುವಂಥವು. ಶಿಲ್ಪಶಾಸ್ತ್ರ ಪಂಡಿತರಿಗೆ ಮಾತ್ರ ಎಂಬ ಅಂಜಿಕೆಗೆ ಕಾರಣವೇ ಇಲ್ಲ. ಮನುಷ್ಯ ತನ್ನ ಮೈಯನ್ನೂ ತನ್ನ ಮನೆಯನ್ನೂ ನೋಡಿಕೊಂಡೇ ಕಲ್ಲಿಗೆ ಹೆಸರಿಟ್ಟಿದ್ದಾನೆ.

ಇಟಗಿಯ ದೇವಾಲಯ ಎದ್ದ ಅದೇ ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಗುಡಿಯ ಅಂಗಗಳನ್ನು ಮಾನವ ಶರೀರಕ್ಕೆ ಹೊಂದಿಸಿ ವಚನವೊಂದನ್ನು ನುಡಿದರು. ಆ ವಚನ ನಮ್ಮ ಮನೆಮನೆಗಳಲ್ಲಿ ಮಕ್ಕಳ ಬಾಯಲ್ಲಿಯೂ ಇದೆ. ಶಿಲ್ಪಿಗಳು ಶರೀರದಿಂದ ಎತ್ತಿದ ಪದಗಳನ್ನು ಶಿಲೆಗೆ ಕೊಟ್ಟಿದ್ದರು. ಅಣ್ಣನವರು ಗುಡಿಯನ್ನೇ ಮರಳಿ ಶರೀರಕ್ಕೆ ತಂದರು. ಉಳ್ಳವರು ಕಟ್ಟಿಸುವ ಗುಡಿ ಎಂತಹ ವೈಭವದ್ದೆಂಬುದನ್ನು ಇಟಗಿಯಲ್ಲಿ ಕಣ್ಣಾರೆ ಕಂಡವನಿಗೆ, ಬಡವನ ದೇಹವನ್ನು ಅದಕ್ಕೆ ಸರಿಗಟ್ಟಿ ನಿಲ್ಲಿಸಿದ ಆ ಮಾತು ಎಷ್ಟು ದಿಟ್ಟವಾದುದೆಂಬುದು ಅರಿವಾಗದಿರದು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ರಜೆಯಲ್ಲಿ ಮಕ್ಕಳನ್ನು ಈ ಊರುಗಳಿಗೆ ಕರೆದೊಯ್ಯಿರಿ. ಒಂದು ದಿನಕ್ಕೆ ಹತ್ತು ಗುಡಿಗಳನ್ನು ಸುತ್ತಿಸುವ ಬದಲು ಒಂದೇ ಗುಡಿಯ ಹತ್ತು ಅಂಗಗಳ ಹೆಸರು ಕಲಿಸಿರಿ. ಊರಿನಲ್ಲಿ ಜಂತಿಮನೆ ಇನ್ನೂ ನಿಂತಿದ್ದರೆ ಮೊದಲು ಅದರ ಬೋದಿಗೆಯನ್ನು ತೋರಿಸಿರಿ. ಕಲ್ಲನ್ನು ಕಾಯಲು ಸರಕಾರದ ಇಲಾಖೆಗಳಿವೆ. ಮಾತನ್ನು ಕಾಯುವ ಹೊಣೆ ಮನೆಯದು.