ಅತ್ತಿಬೆಲೆಯ ಆಚೆ ಹುಟ್ಟಿದ ಕಾರು

ಹೊಸೂರಿನಿಂದ ಬೆಂಗಳೂರಿನ ದಿಕ್ಕಿಗೆ ಸಾಗುವ ಹೆದ್ದಾರಿಯಲ್ಲಿ ಜೂಜುವಾಡಿ ಹಿಂದುಳಿದೊಡನೆ ಅಂಗಡಿಗಳ ನಾಮಫಲಕಗಳ ಲಿಪಿ ಬದಲಾಗುತ್ತದೆ. ಉಳಿದಂತೆ ಏನೂ ಬದಲಾದಂತೆ ತೋರುವುದಿಲ್ಲ. ಅದೇ ಕೆಂಪು ಮಣ್ಣು, ಅದೇ ಲಾರಿಗಳ ಸಾಲು, ಪಾಳಿಯ ಕಾರ್ಮಿಕರನ್ನು ಹೊತ್ತು ಎರಡೂ ದಿಕ್ಕಿಗೆ ಓಡುವ ಅದೇ ಕಾರ್ಖಾನೆ ಬಸ್ಸುಗಳು. ಅತ್ತಿಬೆಲೆ, ಚಂದಾಪುರಗಳನ್ನು ದಾಟಿ ಹದಿನೈದು ಕಿಲೋಮೀಟರಿನ ಆಸುಪಾಸು ಕ್ರಮಿಸಿದರೆ ಬೊಮ್ಮಸಂದ್ರ ಸಿಗುತ್ತದೆ. ಗಡಿಭಾಗದ ಬಹುಪಾಲು ಕುಟುಂಬಗಳಿಗೆ ಇದು ಆಸ್ಪತ್ರೆಯ ಊರು. ನಾರಾಯಣ ಹೃದಯಾಲಯಕ್ಕೆ ಹಿರಿಯರನ್ನು ಕರೆದೊಯ್ದ ನೆನಪು ಇಲ್ಲದ ಮನೆ ವಿರಳ. ಆದರೆ ಭಾರತದ ಮೋಟಾರು ಚರಿತ್ರೆಯಲ್ಲಿ ಈ ಊರಿಗೆ ಬೇರೊಂದು ಸ್ಥಾನವಿದೆ. ವಿದ್ಯುತ್ ಕಾರೊಂದನ್ನೇ ನಂಬಿ ಒಂದು ಕಂಪನಿ ಬಾಳಲು ಹೊರಟದ್ದು ಇಲ್ಲಿ. ಆ ಕಾರಿನ ಹೆಸರು ರೇವಾ.

ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಎಂಬ ಸಂಸ್ಥೆ ಜೊತೆಗೂಡಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದವು. ಅದರ ಹಿಂದಿನ ತರುಣ ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿಗಳೇ ಕಟ್ಟಿದ ಸೌರಶಕ್ತಿಯ ಕಾರಿನ ತಂಡದಲ್ಲಿ ಅವರಿದ್ದರು. ಆ ಕಾರು 1990ರಲ್ಲಿ ಆಸ್ಟ್ರೇಲಿಯ ಖಂಡವನ್ನು ಉತ್ತರದಿಂದ ದಕ್ಷಿಣಕ್ಕೆ ಅಡ್ಡಹಾಯುವ ಪಂದ್ಯದಲ್ಲಿ ಮೂರನೆಯದಾಗಿ ಬಂದಿತು. ಬಿಸಿಲಿನಿಂದ ಓಡುವ ಕಾರನ್ನು ಕಂಡ ಕಣ್ಣು ಬೆಂಗಳೂರಿನ ಹೊಗೆಯನ್ನು ನೋಡಿದಾಗ ಮೂಡಿದ ಯೋಚನೆ ಕಾರ್ಖಾನೆಯಾಗಲು ಬಹಳ ಕಾಲ ಹಿಡಿಯಿತು. 1994ರಲ್ಲಿ ನೋಂದಣಿಯಾದ ಕಂಪನಿಯ ಮೊದಲ ಕಾರು ಮಾರಾಟಕ್ಕೆ ಬಂದದ್ದು 2001ರಲ್ಲಿ.

ಆ ಕಾರನ್ನು ಬೀದಿಯಲ್ಲಿ ಕಂಡವರು ಮೊದಲು ನಗುತ್ತಿದ್ದರು. ಉದ್ದ ಹೆಚ್ಚೂ ಕಡಿಮೆ 2.6 ಮೀಟರ್, ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕುಳಿತರೆ ಮುಗಿಯಿತು. ಆದರೆ ಅದರ ಒಳಗಿನ ಲೆಕ್ಕಾಚಾರ ನಗುವಂಥದ್ದಾಗಿರಲಿಲ್ಲ. ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟು ಪಡೆಯುತ್ತಿದ್ದರು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಚುಚ್ಚಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ 80 ಕಿಲೋಮೀಟರ್ ಓಟ ಸಿದ್ಧ. ಬೆಂಗಳೂರಿನಂಥ ಊರಿನಲ್ಲಿ ಕಚೇರಿಗೆ ಹೋಗಿಬರುವವನಿಗೆ ಅಷ್ಟು ಸಾಲದೆ? ಅಂದಿನ ಬ್ಯಾಟರಿ ದುರ್ಬಲವೆಂಬುದನ್ನು ಒಪ್ಪಿಕೊಂಡೇ ವಿನ್ಯಾಸಕಾರರು ಉಳಿದೆಲ್ಲವನ್ನೂ ಹಗುರಗೊಳಿಸಿದರು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಬಣ್ಣವನ್ನು ಆ ಪ್ಲಾಸ್ಟಿಕ್ಕಿನೊಳಗೇ ಬೆರೆಸಿ ಅಚ್ಚು ಹೊಯ್ಯುತ್ತಿದ್ದುದರಿಂದ ಕಾರ್ಖಾನೆಗೆ ಬಣ್ಣ ಬಳಿಯುವ ವಿಭಾಗವೇ ಬೇಕಾಗಲಿಲ್ಲ. ಮೋಟಾರು ಉದ್ಯಮದಲ್ಲಿ ಅತಿ ಹೆಚ್ಚು ಹಣ, ನೀರು, ವಿಷವಾಯು ಬೇಡುವ ವಿಭಾಗಗಳಲ್ಲಿ ಅದೂ ಒಂದು. ಬಡತನದಿಂದ ಹುಟ್ಟಿದ ಜಾಣತನವೆಂದರೆ ಇದೇ.

ಇಷ್ಟಾದರೂ ಸ್ವದೇಶದಲ್ಲಿ ಕಾರು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅದನ್ನು ಕೈಹಿಡಿದದ್ದು ಏಳು ಸಮುದ್ರದಾಚೆಯ ಲಂಡನ್. ಕಾರಣ ಕಾರಿನಲ್ಲಿರಲಿಲ್ಲ, ಅಲ್ಲಿನ ಕಾನೂನಿನಲ್ಲಿತ್ತು. 2003ರ ಫೆಬ್ರುವರಿಯಿಂದ ಲಂಡನ್ ನಗರದ ನಡುಭಾಗಕ್ಕೆ ಹಗಲು ಹೊತ್ತಿನಲ್ಲಿ ಕಾರು ತರುವವರು ದಿನಕ್ಕೆ 5 ಪೌಂಡ್ ಶುಲ್ಕ ತೆರಬೇಕಾಯಿತು. ವಿದ್ಯುತ್ ವಾಹನಗಳಿಗೆ ಅದರಿಂದ ವಿನಾಯಿತಿ. ಕೆಲವು ಬಡಾವಣೆಗಳಲ್ಲಿ ನಿಲುಗಡೆಯೂ ಉಚಿತ. ವರ್ಷವಿಡೀ ಆ ಶುಲ್ಕ ಉಳಿಸಬಲ್ಲವನಿಗೆ ಬೊಮ್ಮಸಂದ್ರದ ಪುಟ್ಟ ಕಾರು ದುಬಾರಿಯೆನಿಸಲಿಲ್ಲ. 2004ರಿಂದ 'ಜಿ-ವಿಜ್' ಎಂಬ ಹೆಸರಿನಲ್ಲಿ ಅದು ಅಲ್ಲಿ ಮಾರಾಟವಾಯಿತು. ಕೆಲವೇ ವರ್ಷಗಳಲ್ಲಿ ಸಾವಿರದಷ್ಟು ಕಾರುಗಳು ಆ ನಗರದ ಬೀದಿಗಳಲ್ಲಿ ಸದ್ದಿಲ್ಲದೆ ಓಡಾಡತೊಡಗಿದವು. ಹೊಸೂರು ರಸ್ತೆಯಲ್ಲಿ ತಯಾರಾದ ಕಾರನ್ನು ಹೊಸೂರಿನವರಿಗಿಂತ ಲಂಡನ್ನಿನವರು ಚೆನ್ನಾಗಿ ಬಲ್ಲವರಾದರು.

ಅಲ್ಲಿಯೇ ಒಂದು ಸ್ವಾರಸ್ಯಕರವಾದ ಪ್ರಶ್ನೆಯೂ ಎದ್ದಿತು. ಭಾರತದಲ್ಲಿ ರೇವಾ ಒಂದು ಕಾರು. ಯುರೋಪಿನ ಅಂದಿನ ನಿಯಮಗಳ ಪ್ರಕಾರ ಬ್ಯಾಟರಿಯ ತೂಕವನ್ನು ಬಿಟ್ಟು 400 ಕಿಲೋ ಮೀರದ, ಶಕ್ತಿಯಲ್ಲಿ 15 ಕಿಲೋವಾಟ್ ದಾಟದ ನಾಲ್ಕು ಚಕ್ರದ ವಾಹನ ಕಾರಲ್ಲ, ಅದು 'ಕ್ವಾಡ್ರಿಸೈಕಲ್'. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಾಗಿರಲಿಲ್ಲ. ಕಂಪನಿಗೆ ಇದು ವರವೂ ಹೌದು, ಶಾಪವೂ ಹೌದು. ಪರೀಕ್ಷೆಯ ಭಾರೀ ವೆಚ್ಚ ತಪ್ಪಿತು; ಆದರೆ 2007ರಲ್ಲಿ ಬ್ರಿಟನ್ನಿನ ಒಂದು ಮೋಟಾರು ಪತ್ರಿಕೆ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಆ ಕಾರನ್ನು ಡಿಕ್ಕಿ ಹೊಡೆಸಿ ನೋಡಿ, ಒಳಗಿದ್ದವರಿಗೆ ಪ್ರಾಣಾಪಾಯವೆಂದು ಬರೆಯಿತು. ಟೀಕೆಯಲ್ಲಿ ಹುರುಳಿತ್ತು. ಮುಂದಿನ ಮಾದರಿಯಲ್ಲಿ ಚೌಕಟ್ಟನ್ನು ಬಲಪಡಿಸಿ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕು ಅಳವಡಿಸಿದರು.

ಹಡಗು ಹತ್ತುವಾಗ ಕಾರಾಗಿದ್ದದ್ದು ಇಳಿಯುವಾಗ ಕಾರಾಗಿರಲಿಲ್ಲ ಎಂಬ ಮಾತು ಬೇರೆಯವರಿಗೆ ವಿಚಿತ್ರವೆನಿಸೀತು. ಗಡಿನಾಡಿನ ಓದುಗರಿಗೆ ಅದು ಅಪರಿಚಿತವಲ್ಲ. ಅತ್ತಿಬೆಲೆಯಲ್ಲಿ ಬಹುಸಂಖ್ಯಾತರ ಭಾಷೆಯನ್ನಾಡುವ ಮನೆತನ ಕೆಲವೇ ಕಿಲೋಮೀಟರ್ ದಾಟಿ ಹೊಸೂರಿನಲ್ಲಿ ನೆಲಸಿದರೆ ಭಾಷಾ ಅಲ್ಪಸಂಖ್ಯಾತವಾಗುತ್ತದೆ. ಮಕ್ಕಳ ಪಾಠದ ಭಾಷೆಗಾಗಿ ಸಂವಿಧಾನದ 350ಎ ವಿಧಿಯನ್ನು ನೆನೆಯಬೇಕಾಗುತ್ತದೆ. ಮನುಷ್ಯರು ಅವರೇ, ಮಾತು ಅದೇ.

ರೇವಾ ಕಂಪನಿಯ ಬೆಳವಣಿಗೆ ಅಂಕಿಗಳಲ್ಲಿ ದೊಡ್ಡದಲ್ಲ. ಒಂಬತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಮೂರೂವರೆ ಸಾವಿರದಷ್ಟು ಕಾರುಗಳು. ದೊಡ್ಡ ಕಂಪನಿಯೊಂದು ವಾರದಲ್ಲಿ ಮಾರುವಷ್ಟು. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ಅದರ ಶೇ. 55.2ರಷ್ಟು ಪಾಲನ್ನು ಕೊಂಡಿತು. 2012ರಲ್ಲಿ ಬೊಮ್ಮಸಂದ್ರದಲ್ಲಿಯೇ ವರ್ಷಕ್ಕೆ 30,000 ಕಾರುಗಳನ್ನು ತಯಾರಿಸಬಲ್ಲ ಹೊಸ ಕಾರ್ಖಾನೆ ತೆರೆಯಿತು. ಅಲ್ಲಿಯೂ ಬಣ್ಣದ ವಿಭಾಗವಿರಲಿಲ್ಲ. ಬೇಕಾದ ವಿದ್ಯುತ್ತಿನ ಒಂದು ಭಾಗ ಸೌರಫಲಕಗಳಿಂದ ಬರುತ್ತಿತ್ತು.

ಇಂದು ಆ ಪ್ರದೇಶಕ್ಕೆ ಹೋಗುವವರಿಗೆ ದಾರಿ ಸುಲಭವಾಗಿದೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ನಮ್ಮ ಮೆಟ್ರೋದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಹೊರಟು 19 ಕಿಲೋಮೀಟರ್ ಸಾಗಿ ಬೊಮ್ಮಸಂದ್ರದಲ್ಲಿ ಕೊನೆಗೊಳ್ಳುತ್ತದೆ. ಮೇಲ್ಸೇತುವೆಯ ಮೇಲಿನ ನಿಲ್ದಾಣದಿಂದ ನೋಡಿದರೆ ತಗಡಿನ ಮಾಡುಗಳು, ನೀರಿನ ಟ್ಯಾಂಕರುಗಳು, ಕಿರಿದಾದ ಅಡ್ಡರಸ್ತೆಗಳಲ್ಲಿ ಲೇತ್ ಯಂತ್ರಗಳ ಸದ್ದಿನ ಸಣ್ಣ ಶೆಡ್ಡುಗಳು. ದೊಡ್ಡ ಕಾರ್ಖಾನೆಗೆ ಬೇಕಾದ ಬುಷ್ಷು, ಬ್ರಾಕೆಟ್ಟು, ಬೋಲ್ಟುಗಳು ಹುಟ್ಟುವುದು ಇಂಥ ಶೆಡ್ಡುಗಳಲ್ಲಿಯೇ. ನಿಲ್ದಾಣದ ಫಲಕದಲ್ಲಿ ಊರಿನ ಹೆಸರಿನ ಜೊತೆಗೆ ವಿದ್ಯುತ್ ಉಪಕರಣ ತಯಾರಿಸುವ ಡೆಲ್ಟಾ ಎಂಬ ಕಂಪನಿಯ ಹೆಸರಿದೆ. ಮೊದಲ ಕಾರಿನ ಗುರುತು ಅಲ್ಲಿಲ್ಲ. ಹೆಸರಿಗೆ ಹಣ ತೆತ್ತವರ ಹೆಸರು ಉಳಿಯುವುದು ಈ ಕಾಲದ ರೂಢಿ.

ಹೊಸ ಕಾರ್ಖಾನೆಯಿಂದ 2013ರ ಮಾರ್ಚ್‌ನಲ್ಲಿ ಹೊರಬಂದ ಕಾರು 'ಇ2ಒ'. ಸೀಸದ ಬದಲು ಲಿಥಿಯಂ-ಅಯಾನ್ ಬ್ಯಾಟರಿ, ಒಮ್ಮೆ ಚಾರ್ಜು ಮಾಡಿದರೆ 100 ಕಿಲೋಮೀಟರ್. ನಡುದಾರಿಯಲ್ಲಿ ಚಾರ್ಜು ಮುಗಿದರೆ ಕಂಪನಿಗೆ ಸುದ್ದಿ ಮುಟ್ಟಿಸಿದರೆ ಸಾಕು, ದೂರದಿಂದಲೇ ಬ್ಯಾಟರಿಯಲ್ಲಿ ಕಾದಿರಿಸಿದ ಶಕ್ತಿಯನ್ನು ಬಿಡುಗಡೆ ಮಾಡುವ ವ್ಯವಸ್ಥೆಯಿತ್ತು. ಅಜ್ಜಿ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟ ಬಸ್ಸಿನ ಚಾರ್ಜಿನಂತೆ. ಆದರೆ ಗಳಿಗೆ ಒಳ್ಳೆಯದಿರಲಿಲ್ಲ. ವಿದ್ಯುತ್ ವಾಹನಗಳಿಗೆ ಕೇಂದ್ರ ಸರ್ಕಾರ 2010ರಲ್ಲಿ ಆರಂಭಿಸಿದ್ದ ಸಹಾಯಧನ 2012ರ ಮಾರ್ಚ್‌ಗೆ ಮುಗಿದುಹೋಗಿತ್ತು. ಮುಂದಿನ ಯೋಜನೆ ಬಂದದ್ದು 2015ರಲ್ಲಿ. ನಡುವಿನ ಮೂರು ವರ್ಷದ ಬರದಲ್ಲಿ ಇ2ಒ ಹುಟ್ಟಿತು. ತನ್ನದೇ ಸಹಾಯಧನ ನೀಡಿದ ದೆಹಲಿಯಲ್ಲಿ ಅದರ ಬೆಲೆ 5.96 ಲಕ್ಷ ರೂಪಾಯಿ. ಅಂಥ ನೆರವಿಲ್ಲದ ಕಡೆ ಇನ್ನೂ ಹೆಚ್ಚು. ಅಷ್ಟು ಹಣಕ್ಕೆ ಇದಕ್ಕಿಂತ ದೊಡ್ಡ ಪೆಟ್ರೋಲ್ ಕಾರು ಸಿಗುತ್ತಿದ್ದಾಗ ಸಂಸಾರವಂತನು ಯಾವುದನ್ನು ಆರಿಸಿದನೆಂದು ಹೇಳಬೇಕಿಲ್ಲ.

2019ರ ಏಪ್ರಿಲ್‌ನಲ್ಲಿ ಕೇಂದ್ರದ ಎರಡನೆಯ ಯೋಜನೆ ಜಾರಿಗೆ ಬಂದಾಗ ಅದರ ಒಂದು ಷರತ್ತು ಈ ಕಥೆಯ ದಿಕ್ಕನ್ನೇ ತಿರುಗಿಸಿತು. ಸ್ವಂತ ಬಳಕೆಯ ಸ್ಕೂಟರಿಗೆ ಸಹಾಯಧನ ಉಂಟು. ಬಾಡಿಗೆಗೆ ಓಡುವ ಆಟೋ ಮತ್ತು ಕಾರುಗಳಿಗೂ ಉಂಟು. ಸ್ವಂತ ಬಳಕೆಯ ಕಾರಿಗೆ ಇಲ್ಲ. ಇದಕ್ಕೂ ಕೆಲವು ತಿಂಗಳ ಮೊದಲು, 2018ರ ಅಕ್ಟೋಬರ್‌ನಲ್ಲಿ, ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್ಟಿನ ಅಗತ್ಯವಿಲ್ಲವೆಂಬ ಅಧಿಸೂಚನೆಯೂ ಹೊರಟಿತ್ತು. ನೀರು ತಗ್ಗಿಗೆ ಹರಿಯುವಂತೆ ಬಂಡವಾಳ ಆ ಕಡೆಗೆ ಹರಿಯಿತು. ಇ2ಒ ತಯಾರಿಕೆ 2019ರಲ್ಲಿ ನಿಂತಿತು. ಅದರ ತಂತ್ರಜ್ಞಾನದ ಬಲದ ಮೇಲೆ ಬಂದ 'ಟ್ರಿಯೋ' ಎಂಬ ಮೂರು ಚಕ್ರದ ವಿದ್ಯುತ್ ಆಟೋ ಊರೂರಿಗೂ ಹಬ್ಬಿತು. ರೇವಾ ಎಂಬ ಹೆಸರು ಕಂಪನಿಯ ಹೆಸರಿನಿಂದ 2016ರಲ್ಲಿಯೇ ಬಿದ್ದುಹೋಗಿತ್ತು. ಆಮೇಲೆ ಕಂಪನಿಯೇ ಮಾತೃಸಂಸ್ಥೆಯಲ್ಲಿ ವಿಲೀನವಾಯಿತು.

ಅಂದು ಬೊಮ್ಮಸಂದ್ರದಲ್ಲಿ ಒಂದೇ ಚಾವಣಿಯಡಿ ಇದ್ದದ್ದು ಇಂದು ದೇಶದಲ್ಲಿ ಹಂಚಿಹೋಗಿದೆ. ಮಹೀಂದ್ರದ ವಿದ್ಯುತ್ ಆಟೋಗಳು ಬೆಂಗಳೂರಿನ ಜೊತೆಗೆ ಹರಿದ್ವಾರದಲ್ಲಿ ಮತ್ತು ತೆಲಂಗಾಣದ ಜಹೀರಾಬಾದಿನಲ್ಲಿ ತಯಾರಾಗುತ್ತವೆ. ಬೀದರಿನ ಮಗ್ಗುಲಲ್ಲಿರುವ ಜಹೀರಾಬಾದು ಎಂದರೆ ಕನ್ನಡದ ಇನ್ನೊಂದು ಗಡಿ. 2024ರ ನವೆಂಬರ್‌ನಲ್ಲಿ ಅನಾವರಣಗೊಂಡ ಅದೇ ಕಂಪನಿಯ ದೊಡ್ಡ ವಿದ್ಯುತ್ ಕಾರುಗಳು ಹುಟ್ಟುವುದು ಪುಣೆಯ ಬಳಿಯ ಚಾಕಣದಲ್ಲಿ.

ಅತ್ತ ಸ್ವಂತ ಕಾರಿಗೆ ಮುಚ್ಚಿದ ಬಾಗಿಲು ಇತ್ತ ಸ್ಕೂಟರಿಗೆ ತೆರೆದಿತ್ತಲ್ಲ, ಅದರ ಫಲವನ್ನುಂಡದ್ದು ಹೊಸೂರು. 1980ರಲ್ಲಿ ಟಿವಿಎಸ್ ಮೊಪೆಡ್ಡಿನಿಂದ ಎರಡು ಚಕ್ರದ ಕಸುಬು ಕಲಿತ ಊರಿದು. 2020ರಲ್ಲಿ ಅದೇ ಕಂಪನಿ ಇಲ್ಲಿಂದ ವಿದ್ಯುತ್ ಸ್ಕೂಟರು ಹೊರತಂದಿತು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ತಯಾರಾಗುತ್ತಿದ್ದ ಏಥರ್ ಸ್ಕೂಟರು 2021ರಲ್ಲಿ ಗಡಿ ದಾಟಿ ಹೊಸೂರಿಗೆ ಬಂದಿತು. ಓಲಾ ಕಂಪನಿಯ ಕಚೇರಿ ಬೆಂಗಳೂರಿನಲ್ಲಿ, ಕಾರ್ಖಾನೆ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ ತಾಲ್ಲೂಕಿನಲ್ಲಿ. ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ, 2017ರಲ್ಲಿ. ತಮಿಳುನಾಡಿನ ನೀತಿ ಬಂದದ್ದು ಎರಡು ವರ್ಷ ತಡವಾಗಿ, 2019ರಲ್ಲಿ. ತಡವಾಗಿ ಬಂದವರಿಗೆ ಹೆಚ್ಚು ಕಾರ್ಖಾನೆ ಸಿಕ್ಕಿದ್ದೇಕೆ ಎಂಬುದನ್ನು ಬೆಂಗಳೂರಿನವರು ಯೋಚಿಸಬೇಕಾದದ್ದು.

ಹೀಗೆ ಗಡಿಯ ಎರಡೂ ಬದಿಗೆ ಕಾರ್ಖಾನೆಗಳು ಬೆಳೆದಾಗ ಅಲ್ಲಿ ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೂ ಕಾನೂನು ಕೈಹಾಕಿತು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ನೀಡಿತು. ಖಾಸಗಿ ಕಾರ್ಖಾನೆಗಳಲ್ಲಿ ಆಡಳಿತ ವರ್ಗದ ಶೇ. 50 ಮತ್ತು ಉಳಿದ ಹುದ್ದೆಗಳ ಶೇ. 70 ಭಾಗ ಸ್ಥಳೀಯರಿಗೆ ಎಂಬುದು ಅದರ ತಿರುಳು. ಉದ್ಯಮಿಗಳ ವಿರೋಧದಿಂದ ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ವಾದವಿವಾದವೆಲ್ಲ ಶೇಕಡಾ ಲೆಕ್ಕದ ಸುತ್ತಲೇ ನಡೆಯಿತು. ಗಡಿನಾಡಿನವರು ಓದಬೇಕಾದದ್ದು ಮಸೂದೆಯ ವ್ಯಾಖ್ಯೆಯ ಭಾಗವನ್ನು. ಕರ್ನಾಟಕದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ಅಲ್ಲಿ ವಾಸವಿರಬೇಕು, ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬರಬೇಕು. ಈ ಮೂರೂ ಕೂಡಿದರೆ ಸ್ಥಳೀಯ.

ಹೊಸೂರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತ ಹುಡುಗಿಯೊಬ್ಬಳು ಬೊಮ್ಮಸಂದ್ರದ ಬ್ಯಾಟರಿ ಜೋಡಣೆಯ ಕೆಲಸಕ್ಕೆ ಅರ್ಜಿ ಹಾಕುತ್ತಾಳೆಂದು ಭಾವಿಸೋಣ. ಮೂರನೆಯ ಷರತ್ತನ್ನು ಅವಳು ಬೆಂಗಳೂರಿನ ಅನೇಕ ಮಕ್ಕಳಿಗಿಂತ ಚೆನ್ನಾಗಿ ಪೂರೈಸುತ್ತಾಳೆ. ಮೊದಲ ಎರಡರಲ್ಲಿ ಹೊರಗುಳಿಯುತ್ತಾಳೆ. ಇತ್ತ ತಮಿಳುನಾಡಿನ 2010ರ ಕಾಯಿದೆ ಸರ್ಕಾರಿ ನೇಮಕಾತಿಯಲ್ಲಿ ಶೇ. 20ರಷ್ಟು ಆದ್ಯತೆ ನೀಡುವುದು ತಮಿಳು ಮಾಧ್ಯಮದಲ್ಲಿ ಓದಿದವರಿಗೆ. ಅದರಲ್ಲಿಯೂ ಅವಳಿಗೆ ಎಡೆಯಿಲ್ಲ. ತಡೆಹಿಡಿದ ಮಸೂದೆ ಮತ್ತೆ ಸದನದ ಮುಂದೆ ಬರುವುದಾದರೆ 'ಹುಟ್ಟಿರಬೇಕು' ಎಂಬ ಪದದ ಪಕ್ಕದಲ್ಲಿ 'ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು' ಎಂಬ ನಾಲ್ಕು ಪದಗಳನ್ನು ಸೇರಿಸಲು ಹೆಚ್ಚಿನ ಶಾಯಿ ಬೇಕಾಗದು. ಸೇರಿಸುವಂತೆ ಕೇಳಬೇಕಾದವರು ಹೊಸೂರು, ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಜತ್ತಗಳ ಪೋಷಕರು. ಕೇಳಬೇಕಾದ ಜಾಗ ವಿಧಾನಸೌಧ. ಮಸೂದೆ ಇನ್ನೂ ಕಡತದಲ್ಲಿದೆ.