ಅಕ್ಷರವಿರುವ ಕಲ್ಲುಗಳು

ಚಿಮ್ಮನಚೋಡದ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದುಂಟು. ಅದರ ಅಂಚಿನಲ್ಲಿ ನಾಲ್ಕಾರು ಹಳೆಯ ಅಕ್ಷರಗಳಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೆವು. ಉಪಾಧ್ಯಾಯವೃತ್ತಿಯನ್ನು ಮುಗಿಸಿ ಊರಿಗೆ ಮರಳಿ, ಅವನ್ನು ಓದಬೇಕೆಂದು ಕುಳಿತಾಗ ಒಂದಕ್ಷರವೂ ಉಳಿದಿರಲಿಲ್ಲ. ಆ ವ್ಯಥೆಯೇ ನಮ್ಮನ್ನು ಈ ಯಾತ್ರೆಗೆ ಹೊರಡಿಸಿತು.

ನಮ್ಮ ಸೀಮೆಯ ಮುಲ್ಲಾಮಾರಿಯು ಕಾಗಿಣೆಯನ್ನೂ, ಕಾಗಿಣೆಯು ಭೀಮೆಯನ್ನೂ ಸೇರುವುದು. ನಾವು ಮೊದಲು ಕಾಗಿಣೆಯ ದಡದ ಮಳಖೇಡಕ್ಕೆ ಹೋದೆವು. ಇದೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅರವತ್ತು ವರ್ಷಗಳಿಗೂ ಮಿಗಿಲಾಗಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ವೂ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವೂ ಹುಟ್ಟಿದವು. 972ರಲ್ಲಿ ಪರಮಾರ ಸೀಯಕನು ಈ ನಗರವನ್ನು ಸೂರೆಗೊಂಡನು. ಈಗ ಉಳಿದಿರುವುವು ಕೋಟೆ, ನೇಮಿನಾಥ ಬಸದಿ, ಟೀಕಾಚಾರ್ಯ ಜಯತೀರ್ಥರ ಹೆಸರಿನಲ್ಲಿ ಪೂಜೆಗೊಳ್ಳುವ ಬೃಂದಾವನ. ಅರಮನೆ ಅಳಿಯಿತು; ಗ್ರಂಥಗಳು ಉಳಿದವು.

ಅಲ್ಲಿಂದ ನದಿಯ ದಾರಿಯನ್ನು ಬಿಟ್ಟು, ಚಿತ್ತಾಪುರದ ಹತ್ತಿರದ ನಾಗಾವಿಗೆ ಬಂದೆವು. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುಳಿತು ಬಹಳ ಹೊತ್ತು ಏಳಲಾಗಲಿಲ್ಲ. ಕಲ್ಯಾಣದ ಚಾಲುಕ್ಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಇಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಲಯವನ್ನು ನಡೆಯಿಸಿದನೆಂದು 1058ರ ಶಾಸನ ಹೇಳುತ್ತದೆ. ವೇದಾಧ್ಯಯನಕ್ಕೆ 200 ವಿದ್ಯಾರ್ಥಿಗಳು; ಶಾಸ್ತ್ರಾಭ್ಯಾಸಕ್ಕೆ ಬೇರೆ ವಿದ್ಯಾರ್ಥಿಗಳು; ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರು! ಪುಸ್ತಕದ ಕಪಾಟಿನ ಬೀಗದ ಕೈಯನ್ನು ನಾವೇ ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಠ ಹೇಳಿದ ದಿನಗಳು ನೆನಪಾಗಿ ನಗುವೂ ಬಂದಿತು, ನಾಚಿಕೆಯೂ ಆಯಿತು.

ಕೊನೆಗೆ ಭೀಮಾತೀರದ ಸನ್ನತಿಯನ್ನು ಸೇರಿ ಚಂದ್ರಲಾಂಬೆಯ ದರ್ಶನ ಮಾಡಿದೆವು. 1986ರಲ್ಲಿ ಅಲ್ಲಿಯ ಕಾಳಿಕಾಗುಡಿಯ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾಯಿತು. ಅದರ ಪೀಠವನ್ನು ಪರೀಕ್ಷಿಸಲಾಗಿ, ಅದು ಎರಡು ಮುಖಗಳಲ್ಲಿಯೂ ಬ್ರಾಹ್ಮೀಲಿಪಿಯಿರುವ ಅಶೋಕನ ಶಾಸನಶಿಲೆ! ಪರಮತವನ್ನು ಗೌರವಿಸಬೇಕೆಂಬ ಹನ್ನೆರಡನೆಯ ಶಾಸನವೂ ಅದರಲ್ಲಿದೆ. ಮೂರ್ತಿಯನ್ನು ನಿಲ್ಲಿಸಲು ನಡುವೆ ಕೊರೆದುದರಿಂದ ಅನೇಕ ಅಕ್ಷರಗಳು ನಷ್ಟವಾದವು. ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧಸ್ತೂಪವೂ, ‘ರಾಯ ಅಸೋಕೋ’ ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೂ ದೊರೆತವು.

ಆ ಶಿಲೆಯನ್ನು ಕೊರೆದವನ ಮೇಲೆ ನಮಗೆ ಕೋಪ ಬರಲಿಲ್ಲ. ಅವನಿಗೆ ಆ ಲಿಪಿ ತಿಳಿಯದು. ದೇವಿಯ ಮೇಲಣ ಭಕ್ತಿಯಿಂದ ಕೊರೆದನು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನಾವೋ, ರಜೆಯಲ್ಲಿ ಬಂದಾಗಲೆಲ್ಲ ಆ ಕಲ್ಲಿನ ಮುಂದೆಯೇ ಕಾಲು ತೊಳೆದು, ನಾಳೆ ಓದಿದರಾಯಿತೆಂದು ಒಳಗೆ ಹೋದವರು!

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಹಿತ್ತಲಲ್ಲಾಗಲಿ, ಹೊಲದ ಬದುವಿನಲ್ಲಾಗಲಿ ಅಕ್ಷರವಿರುವ ಕಲ್ಲು ಕಂಡರೆ ಅದಕ್ಕೆ ಸುಣ್ಣ ಬಳಿಯಬೇಡಿರಿ, ಉಳಿಯಿಂದ ಕೆರೆಯಬೇಡಿರಿ. ಇದ್ದಲ್ಲಿಯೇ ಕಾಪಾಡಿ ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ನಮ್ಮ ಮನೆಯವರು ಈಗ ಬೇರೆ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಹಳೆಯದನ್ನು ತುಳಸೀಕಟ್ಟೆಯ ಪಕ್ಕದಲ್ಲಿರಿಸಿದ್ದೇವೆ. ಮೊಮ್ಮಕ್ಕಳು ಅದೇನೆಂದು ಕೇಳಿದಾಗಲೆಲ್ಲ ನಮ್ಮ ಸೋಮಾರಿತನದ ಕಥೆಯನ್ನು ಹೇಳುತ್ತೇವೆ.